ಬುಟ್ಟಿ ಶುರುವಾಗುವ ಜಾಗ

ಫೆಬ್ರುವರಿ 3, ಸೋಮವಾರ

ವಾರದ ಮೊದಲ ದಿನವೇ ಕಿರಿಕಿರಿ. ನೆಲಮಾಳಿಗೆಯಲ್ಲಿ ಕೂತು ಮಣಿಸರಗಳ ಪೆಟ್ಟಿಗೆಗೆ ನುಸಿಗುಳಿಗೆ ಹಾಕುತ್ತಿದ್ದಾಗ ಮುಂಬಾಗಿಲ ಕಾವಲುಗಾರನ ಫೋನು. "ಸಾರ್, ಇಬ್ಬರು ಹೆಂಗಸರು ಬಂದಿದಾರೆ. ಬುಟ್ಟಿ ಬುಟ್ಟಿ ಅಂತಾರೆ. ಮಾರೋಕೆ ಬಂದಿರಬೇಕು ಅಂತ ಹಿಂದಿನ ಬಾಗಿಲಿಗೆ ಕಳಿಸಿದೀನಿ."

ಹಿಂದಿನ ಬಾಗಿಲು ಎಂದರೆ ನನ್ನ ಬಾಗಿಲು. ಈ ವಸ್ತುಸಂಗ್ರಹಾಲಯದ ಉಗ್ರಾಣ ನೋಡಿಕೊಳ್ಳುವವನು ನಾನು. ಮೇಲೆ ಗಾಜಿನ ಕಪಾಟುಗಳಲ್ಲಿ ಜನ ನೋಡುವುದು ಇನ್ನೂರು ವಸ್ತು. ಕೆಳಗೆ ಕತ್ತಲಲ್ಲಿ ನನ್ನ ಸುಪರ್ದಿಯಲ್ಲಿ ಇರುವುದು ಸಾವಿರದ ನೂರು. ಇಪ್ಪತ್ತಾರು ವರ್ಷದಲ್ಲಿ ಒಂದು ಮಣಿ ಕಳೆದಿಲ್ಲ, ಒಂದು ಹುಳ ಹತ್ತಿಲ್ಲ. ಹೊಗಳಿಕೊಂಡೆ ಅನ್ನುವವರು ಬೇಕಾದರೆ ಎಣಿಸಿ ನೋಡಲಿ.

ಬಂದವರು ಮಾರಲು ಬಂದವರಲ್ಲ. ಎಪ್ಪತ್ತರ ಒಬ್ಬ ಅಜ್ಜಿ, ಇಪ್ಪತ್ತನಾಲ್ಕರ ಅವಳ ಮೊಮ್ಮಗಳು. ಕಾಡಿನ ಜನ. ಹಾಗೆನ್ನುವುದು ರೂಢಿ ಅಷ್ಟೇ. ಅವರನ್ನು ಕಾಡಿನಿಂದ ಹೊರಗೆ ಹಾಕಿ ಐವತ್ತೆಂಟು ವರ್ಷವಾಯಿತಂತೆ, ಈಗ ಹೆದ್ದಾರಿಯಾಚೆ ಶೀಟಿನ ಮನೆಗಳಲ್ಲಿದ್ದಾರೆ. ಮೊಮ್ಮಗಳು ಹಳೆಯದೊಂದು ಪ್ರದರ್ಶನದ ಪುಸ್ತಕ ಬಿಡಿಸಿ ವಸ್ತು ಸಂಖ್ಯೆ 417ರ ಚಿತ್ರಕ್ಕೆ ಬೆರಳಿಟ್ಟಳು. ಬೆನ್ನಿಗೆ ಹೊರುವ ಬೆತ್ತದ ಬುಟ್ಟಿ. ಅಜ್ಜಿ ಅದನ್ನು ನೋಡಬೇಕಂತೆ.

ಉಗ್ರಾಣದೊಳಗೆ ಸಂಶೋಧಕರಿಗೆ ಮಾತ್ರ ಪ್ರವೇಶ. ಅರ್ಜಿ ನಮೂನೆ ಕೊಟ್ಟೆ. ಮೊಮ್ಮಗಳು ಅಲ್ಲೇ ಮೆಟ್ಟಿಲ ಮೇಲೆ ಕೂತು ತುಂಬಿಸಿ ಕೊಟ್ಟಳು. ಸಂಸ್ಥೆ: ಮನೆ. ವಿದ್ಯಾರ್ಹತೆ: ಹೆಣೆಯಲು ಬರುತ್ತದೆ. ಅನುಭವ: ಅರವತ್ತು ವರ್ಷ. ತಮಾಷೆಗೆ ಬರೆದದ್ದೋ ನಿಜಕ್ಕೋ ತಿಳಿಯಲಿಲ್ಲ. ನಿಯಮದ ಪ್ರಕಾರ ವಾಪಸು ಕೊಟ್ಟೆ. ಅಜ್ಜಿ ಜಗಳವಾಡಲಿಲ್ಲ. "ನಾಳೆ ಬರ್ತೀವಪ್ಪಾ" ಅಂದಳು, ಹಾಲಿನವನಿಗೆ ಹೇಳುವ ಹಾಗೆ.

ಫೆಬ್ರುವರಿ 5, ಬುಧವಾರ

ನಿನ್ನೆ ಬಂದರು, ಇವತ್ತೂ ಬಂದರು. ನಿರ್ದೇಶಕಿ ಮೇಡಂ ಮೆಟ್ಟಿಲಿಳಿಯುವಾಗ ನೋಡಿ, ವಿಚಾರಿಸಿ, ನನ್ನ ಮುಂದೆಯೇ ಆ ನಮೂನೆಯ ಮೇಲೆ ಸಹಿ ಹಾಕಿದರು. "ಅರವತ್ತು ವರ್ಷ ಅನುಭವ ಇರೋ ಸಂಶೋಧಕರು ನಮಗೆ ಇನ್ನೆಲ್ಲಿ ಸಿಗ್ತಾರೆ?" ಎಂದರು. ನನಗೆ ಏನನ್ನಿಸಿತು ಎಂದು ಯಾರೂ ಕೇಳಲಿಲ್ಲ.

ಸರಿ, 417 ತಂದು ಮೇಜಿನ ಮೇಲೆ ಇಟ್ಟೆ. ಕೈಗವಸು ಕೊಟ್ಟೆ. ಅಜ್ಜಿ ಹಾಕಿಕೊಂಡು ಎರಡು ಸಲ ಬುಟ್ಟಿ ಸವರಿ, "ಕಂಬಳಿ ಹೊದ್ದು ಮಗು ಮುಟ್ಟಿದ ಹಾಗಾಯ್ತು" ಎಂದು ಕಿತ್ತು ಹಾಕಿದಳು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಬರಿಗೈ ಬುಟ್ಟಿಯ ಮೇಲಿತ್ತು. ಆಮೇಲೆ ಮೂಸಿ ನೋಡಿದಳು.

"ಇದಕ್ಕೇನು ಬಳಿದಿದೀಯಾ?"

"ವಾರ್ನಿಷ್. ಎರಡು ವರ್ಷಕ್ಕೊಂದು ಸಲ. ನಾನೇ ಬಳಿಯೋದು" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಆ ಹೊಳಪು ನೋಡಿ ಹಿಂದಿನ ನಿರ್ದೇಶಕರು ನನ್ನ ಬೆನ್ನು ತಟ್ಟಿದ್ದರು.

"ಬೆತ್ತ ಆಗಾಗ ನೀರು ಕುಡೀಬೇಕಪ್ಪಾ. ಇದರ ಬಾಯಿ ಹೊಲಿದುಬಿಟ್ಟಿದೀಯಲ್ಲಾ" ಎಂದಳು. ಬೈದಂತಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಮೊಮ್ಮಗಳು ಬುಟ್ಟಿಗೆ ಕಟ್ಟಿದ್ದ ಚೀಟಿ ಓದುತ್ತಿದ್ದಳು. 'ಕೊಡುಗೆ' ಎಂದಿದೆ ಚೀಟಿಯಲ್ಲಿ. ಓದಿ ಹೇಳಿದಾಗ ಅಜ್ಜಿ ನಕ್ಕಳು. "ಕೊಡುಗೆಯಾ? ಊರು ಬಿಡಿಸಿದ ದಿನ ಇದರ ತುಂಬಾ ನಮ್ಮ ಪಾತ್ರೆ ಪಗಡ ಇತ್ತು. ಒಬ್ಬ ಸಾಹೇಬ ಬಂದು, ಚೆನ್ನಾಗಿದೆ ಅಂತ ಪಾತ್ರೆಗಳನ್ನ ಕೆಳಗೆ ಸುರಿದು ಬುಟ್ಟಿ ತಗೊಂಡು ಹೋದ. ನಾನು ಹನ್ನೆರಡು ವರ್ಷದವಳು. ಪಾತ್ರೆ ಆಯ್ದವಳು ನಾನೇ."

ಆಮೇಲೆ ಮೊಮ್ಮಗಳು ವಿಷಯಕ್ಕೆ ಬಂದಳು. ಇಷ್ಟು ವರ್ಷ ಅರ್ಜಿ ಹಾಕಿ ಹಾಕಿ, ಕೊನೆಗೆ ಅವರ ಹನ್ನೆರಡು ಹೆಂಗಸರ ಸಂಘಕ್ಕೆ ಕಾಡಿನಲ್ಲಿ ಬೆತ್ತ ಕಡಿಯಲು ಪರವಾನಗಿ ಸಿಕ್ಕಿದೆ. ಒಂದೇ ವರ್ಷದ್ದು. ಏಪ್ರಿಲ್ ಮೂವತ್ತಕ್ಕೆ ಅರಣ್ಯ ಕಚೇರಿಯವರು ಬಂದು ನೋಡುತ್ತಾರೆ: ಹೊರೆ ಹೊರುವ ಹಳೆಯ ಬುಟ್ಟಿಯನ್ನು ಇವರು ನಿಜವಾಗಿ ಹೆಣೆಯುತ್ತಾರೆಂದರೆ ಪರವಾನಗಿ ಮುಂದುವರಿಯುತ್ತದೆ. ಇಲ್ಲವಾದರೆ ರೂಢಿ ಸತ್ತಿದೆ ಎಂದು ಬರೆದು ಬೇಲಿ ಮುಚ್ಚುತ್ತಾರೆ.

"ಐವತ್ತೆಂಟು ವರ್ಷ ಒಳಗೆ ಬಿಡದೆ, ಈಗ ಮರೆತಿಲ್ಲ ಅಂತ ತೋರಿಸಿ ಅಂತಾರೆ ಸಾರ್."

"ಹೆಣೆದು ತೋರಿಸಿದರಾಯಿತು" ಎಂದೆ.

ಅಲ್ಲೇ ಇರುವುದು ತೊಡಕು. ಅವರಲ್ಲಿ ಬುಟ್ಟಿಯ ತಳ ಶುರು ಮಾಡುವುದು ಊರಿನ ಅತಿ ಹಿರಿಯ ಹೆಂಗಸು ಮಾತ್ರ, ಅದೂ ಬಾಗಿಲು ಹಾಕಿಕೊಂಡು. ಕೈಯಗಲ ತಳ ಮಾಡಿ ಕಿರಿಯರ ಕೈಗೆ ಕೊಡುತ್ತಾಳೆ, ಅವರು ಮುಂದೆ ಹೆಣೆಯುತ್ತಾರೆ. ಆಗ ಹಿರಿಯಮ್ಮ ಅಂತ ಒಬ್ಬಳಿದ್ದಳು. ಊರು ಬಿಟ್ಟ ವರ್ಷವೇ ತೀರಿಹೋದಳು. ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅಜ್ಜಿಗೆ ಬುಟ್ಟಿಯ ಮೈ ಬರುತ್ತದೆ, ಅಂಚು ಬರುತ್ತದೆ, ಶುರು ಬರುವುದಿಲ್ಲ. ಶುರು ಇರುವುದು ಈ ಬುಟ್ಟಿಯ ತಳದೊಳಗೆ, ಎಳೆಗಳ ಕೆಳಗೆ ಮುಚ್ಚಿಕೊಂಡು.

"ಅದಕ್ಕೇ, ಇದನ್ನ ಬಿಚ್ಚಬೇಕಪ್ಪಾ" ಎಂದಳು ಅಜ್ಜಿ.

ಹಾವು ತುಳಿದವನಂತೆ ಹಾರಿ ಬುಟ್ಟಿಯನ್ನು ಎತ್ತಿಕೊಂಡೆ. ಡಬ್ಬಿಗೆ ಹಾಕಿ ಬೀಗ ಜಡಿದೆ.

ಫೆಬ್ರುವರಿ 14, ಶುಕ್ರವಾರ

ಬಿಚ್ಚದೆಯೇ ನೋಡಲು ದಾರಿ ನಾನೇ ಹುಡುಕಿದೆ, ಎಕ್ಸ್‌ರೇ. ನನ್ನ ಬುದ್ಧಿಗೆ ನಾನೇ ಮೆಚ್ಚಿ, ಬುಟ್ಟಿಯನ್ನು ಹೊದಿಕೆಯಲ್ಲಿ ಸುತ್ತಿ, ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಹತ್ತಿರದ ಎಕ್ಸ್‌ರೇ ಅಂಗಡಿಗೆ ಹೋದೆ. ಚೀಟಿ ಬರೆಯುವವನು ತಲೆಯೆತ್ತದೆ, "ಪೇಷಂಟ್ ವಯಸ್ಸು?" ಎಂದ. "ಎಪ್ಪತ್ತರ ಮೇಲೆ" ಎಂದೆ. "ಏನು ತೊಂದರೆ?" "ತಳ ಕಾಣಿಸಬೇಕು." ಆಗ ತಲೆಯೆತ್ತಿದ. ಅಜ್ಜಿ ನಕ್ಕು ನಕ್ಕು ಬೆಂಚು ಹಿಡಿದುಕೊಂಡಳು. ಕಾಲು ಮುರಿದುಕೊಂಡು ಕೂತಿದ್ದವನೊಬ್ಬ ಕೂಡ ನೋವು ಮರೆತು ನಕ್ಕ.

ಚಿತ್ರದಲ್ಲಿ ಕಂಡದ್ದು ಆರು ಕಡ್ಡಿ, ಮೂರರ ಮೇಲೆ ಮೂರು ಅಡ್ಡಡ್ಡ. ಅದು ತಮಗೂ ಗೊತ್ತು ಎಂದಳು ಅಜ್ಜಿ. ಅವು ಒಂದನ್ನೊಂದು ಹೇಗೆ ಹಿಡಿದುಕೊಂಡಿವೆ ಅನ್ನುವುದೇ ಗೊತ್ತಿಲ್ಲ. ಅದು ಚಿತ್ರಕ್ಕೆ ಸಿಗಲಿಲ್ಲ. ಬರುವಾಗ ಬಸ್ಸಿನಲ್ಲಿ ಅಜ್ಜಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಕೊಡಿ ಎಂದು ಕೇಳಬೇಕೆಂದಿದ್ದೆ, ಇಳಿಯುವವರೆಗೂ ಕೇಳಲಿಲ್ಲ.

ಫೆಬ್ರುವರಿ 17, ಸೋಮವಾರ

ಸಂಘದವರು ಬರೆದುಕೊಟ್ಟ ಮನವಿಗೆ ನನ್ನ ಅಭಿಪ್ರಾಯ ಬೇಕೆಂದರು ಮೇಡಂ. ಒಂದೂವರೆ ಪುಟ ಬರೆದೆ. ಒಂದೇ ಮಾತಿನಲ್ಲಿ ಹೇಳುವುದಾದರೆ: ಕೂಡದು.

ಫೆಬ್ರುವರಿ 23, ಭಾನುವಾರ

ತಂಗಿಗೆ ಹೇಳಬಾರದಿತ್ತು. ನಾವಿಬ್ಬರೂ ಮದುವೆಯಾಗದೆ ಉಳಿದವರು. ಮುಂದಿನ ಕೋಣೆ ಅವಳ ಹೊಲಿಗೆ ಅಂಗಡಿ, ಹಿಂದಿನದು ನಮ್ಮ ಮನೆ. ನನ್ನ ಒಂದೂವರೆ ಪುಟವನ್ನು ಓದಿ ಕೇಳಿಸಿದೆ, ಮೆಚ್ಚಲಿ ಎಂದು. ಅವಳು ಯಾರದ್ದೋ ಕೋಟಿನ ತೋಳು ಬಿಚ್ಚುತ್ತಾ ಕೇಳಿದಳು. ಬಾಯಲ್ಲಿ ದಾರ.

"ಅಣ್ಣಾ, ನಾನು ಹೊಲಿಗೆ ಎಲ್ಲಿ ಕಲಿತೆ?"

"ಎಲ್ಲಿ ಕಲಿತೆ, ಮನೇಲಿ."

"ಅಪ್ಪನ ಕೋಟು ಬಿಚ್ಚಿ ಕಲಿತೆ. ಅಮ್ಮನ ಕೈಲಿ ಹೊಡೆತ ತಿಂದೆ. ಆದರೆ ಮೂವತ್ತು ವರ್ಷದಿಂದ ಅದರಲ್ಲೇ ಅನ್ನ ತಿಂತಿದೀವಿ. ಬಿಚ್ಚದೇ ಹೊಲಿಗೆ ಕಲಿತವರನ್ನ ತೋರಿಸು ನೋಡೋಣ."

"ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ" ಎಂದೆ. "ಒಮ್ಮೆ ಬಿಚ್ಚಿದರೆ ಮುಗಿಯಿತು. ಅಂಥ ಬುಟ್ಟಿ ಇನ್ನೊಂದಿಲ್ಲ."

"ಕುಂಬಾರನೇ ಬಂದು ಒಡೀತೀನಿ ಅಂದ್ರೆ ದೊಣ್ಣೆ ಯಾಕೆ ಅಳಬೇಕು?"

ಊಟ ಮಾಡದೆ ಮಲಗಿದೆ. ಹತ್ತು ನಿಮಿಷ ಬಿಟ್ಟು ತಟ್ಟೆ ತಂದು ತಲೆಯ ಹತ್ತಿರ ಇಟ್ಟು ಹೋದಳು. ತಿಂದೆ. ಸಿಟ್ಟು ಸಿಟ್ಟೇ, ಹಸಿವು ಹಸಿವೇ.

ಮಾರ್ಚ್ 2, ಭಾನುವಾರ

ಅವರ ಕಾಲೊನಿಗೆ ಹೋಗಿ ಬಂದೆ. ಹೋಗುವ ಇರಾದೆ ಇರಲಿಲ್ಲ. ಎಕ್ಸ್‌ರೇ ಚಿತ್ರದ ಒಂದು ಪ್ರತಿ ಕೊಟ್ಟು ಬರೋಣವೆಂದು ಹೋದೆ.

ಹೆದ್ದಾರಿ ದಾಟಿದ ಮೇಲೆ ಡಾಂಬರು ಮುಗಿಯುತ್ತದೆ. ನಾಲ್ಕು ಸಾಲು ಮನೆ, ಎಲ್ಲಕ್ಕೂ ಒಂದೇ ನಲ್ಲಿ, ನೀರು ದಿನ ಬಿಟ್ಟು ದಿನ. ಮಧ್ಯಾಹ್ನದ ಹೊತ್ತಿಗೆ ಶೀಟು ಕಾದು ಒಳಗೆ ನಿಲ್ಲಲಾಗುವುದಿಲ್ಲ, ಆದ್ದರಿಂದ ಎಲ್ಲರೂ ಹೊರಗೆ. ಮನೆಯ ಹಿಂದೆ ನಿಂತರೆ ಕಾಡು ಕಾಣುತ್ತದೆ, ಅಷ್ಟು ಹತ್ತಿರ. ಮಧ್ಯೆ ತಂತಿ ಬೇಲಿ. ದಿನಾ ಕಣ್ಣೆದುರು ಇಟ್ಟುಕೊಂಡು ಐವತ್ತೆಂಟು ವರ್ಷ ಇವರು ಹೇಗಿದ್ದರೋ. ನನ್ನಿಂದ ಆಗುತ್ತಿರಲಿಲ್ಲ.

ಅಜ್ಜಿಯ ಸೊಸೆ, ಅಂದರೆ ಮೊಮ್ಮಗಳ ತಾಯಿ, ಕುಡಿಯಲು ನೀರು ಕೊಟ್ಟಳು. ಮಾತು ಕಡಿಮೆಯ ಹೆಂಗಸು. ಅವಳ ಮಾತನ್ನೂ ಅತ್ತೆಯೇ ಆಡಿಬಿಡುತ್ತಾಳೆ. "ಇವಳು ಹೊರಗಿಂದ ಬಂದವಳು. ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು, ಇನ್ನೂ ಇವಳು ಹೆಣೆದ ಬುಟ್ಟಿ ಒಂದು ಕಡೆ ಸೊಟ್ಟಗೆ" ಎಂದಳು ಅಜ್ಜಿ. ಸೊಸೆ ಸುಮ್ಮನೆ ನಕ್ಕು ಒಳಗೆ ಹೋದಳು. ಬೆತ್ತ ಸಿಗದ ಕಾಲದಲ್ಲಿ ಇವರೆಲ್ಲ ಪ್ಯಾಕಿಂಗ್ ಪಟ್ಟಿಯಲ್ಲಿ ಸಂತೆ ಬುಟ್ಟಿ ಹೆಣೆಯುತ್ತಿದ್ದರಂತೆ. ಅದಕ್ಕೆ ಚಪ್ಪಟೆ ತಳ ಸಾಕು. ಮಣ ಭಾರದ ಸೌದೆ ಹೊರುವ ಬುಟ್ಟಿಗೆ ಸಾಲದು.

ಅಜ್ಜಿ ನನ್ನನ್ನು ಮನೆಯ ಪಕ್ಕಕ್ಕೆ ಕರೆದು ಒಂದು ರಾಶಿ ತೋರಿಸಿದಳು. ಹೊಸ ಬೆತ್ತದ ತಳಗಳು. ಕಟ್ಟಿ ನೋಡಿದ್ದು, ಸುತ್ತಿ ನೋಡಿದ್ದು, ದಾರ ಹಾಕಿ ಬಿಗಿದದ್ದು. ಹದಿನೇಳು. ನನ್ನ ಕಣ್ಣೆದುರೇ ಒಂದರ ಮೇಲೆ ಕಲ್ಲಿಟ್ಟು ಎತ್ತಿದಳು. ಕಡ್ಡಿಗಳು ಜಾರಿ ಬಾಯಿ ಬಿಟ್ಟವು, ಕಲ್ಲು ದೊಪ್ಪೆಂದು ಬಿತ್ತು.

"ನನಗೆ ನಾಚಿಕೆ ಆಗುತ್ತಪ್ಪಾ" ಎಂದಳು. "ಹಿರಿಯಳು ಅಂತ ಎಲ್ಲರೂ ನನ್ನ ಮುಖ ನೋಡ್ತಾರೆ. ನನ್ನ ಹತ್ತಿರ ಏನೂ ಇಲ್ಲ."

ನಗುತ್ತಲೇ ಇದ್ದ ಮುದುಕಿ ಹಾಗಂದದ್ದು ನನಗೆ ತಡೆಯಲಾಗಲಿಲ್ಲ. ಏನೋ ಹೇಳಬೇಕೆಂದು, "ಬೆತ್ತ ಒಳ್ಳೆಯದಿದೆ" ಎಂದೆ. ಎಂಥ ಮಾತು!

ಎಕ್ಸ್‌ರೇ ಪ್ರತಿ ಕೊಡುವುದು ಮರೆತು ವಾಪಸು ತಂದಿದ್ದೇನೆ.

ಮಾರ್ಚ್ 4, ಮಂಗಳವಾರ

ಹಳೆಯ ಅಭಿಪ್ರಾಯ ವಾಪಸು ಪಡೆದು ಹೊಸದು ಬರೆದೆ. ಅರ್ಧ ಪುಟ. ಬಿಚ್ಚಿದರೆ ಈ ಬುಟ್ಟಿ ಇರುವುದಿಲ್ಲ, ಇದನ್ನು ತಿಳಿದೇ ಬರೆಯುತ್ತಿದ್ದೇನೆ. ಬಿಚ್ಚದಿದ್ದರೆ ಈ ಜಾತಿಯ ಬುಟ್ಟಿಯೇ ಇರುವುದಿಲ್ಲ. ಬಿಚ್ಚಲು ಅನುಮತಿ ಕೊಡಬಹುದು. ಜವಾಬ್ದಾರಿ ನನ್ನದು.

ಮೇಡಂ ಎರಡು ಸಲ ಓದಿ, ಕನ್ನಡಕ ತೆಗೆದು, "ಇದನ್ನ ಬರೆದದ್ದು ನೀವೇನಾ?" ಎಂದರು. ಸಂಗ್ರಹಾಲಯದ ಸಮಿತಿಯವರನ್ನು ತಾವೇ ಒಪ್ಪಿಸುವುದಾಗಿ ಹೇಳಿ ಸಹಿ ಹಾಕಿದರು. ಮಧ್ಯಾಹ್ನ ಮೂರು ಸಲ 417ರ ಡಬ್ಬಿಯ ಬೀಗ ತೆಗೆದು ನೋಡಿದೆ. ಹುಳ ಹತ್ತಿರಬಹುದೇನೋ ಎಂದು.

ಮಾರ್ಚ್ 11, ಮಂಗಳವಾರ

ಸಮಿತಿ ಒಪ್ಪಿತು, ಐದು ಜನರಲ್ಲಿ ಮೂವರು. ಆದರೆ ಬಿಚ್ಚಲಾಗುತ್ತಿಲ್ಲ. ಹದಿಮೂರು ಪದರ ವಾರ್ನಿಷ್ ಎಳೆಗೆ ಎಳೆಯನ್ನು ಅಂಟಿಸಿಬಿಟ್ಟಿದೆ. ಎಳೆದರೆ ಚಟ್ಟೆಂದು ಮುರಿಯುತ್ತದೆ. ನೀರಲ್ಲಿ ನೆನೆಸೋಣವೆಂದರೆ ನೀರು ಒಳಗೇ ಹೋಗುವುದಿಲ್ಲ. ಅದರಲ್ಲೂ ತಳ. ಒಣಗಲು ಪ್ರತಿ ಸಲ ಕವುಚಿ ಇಡುತ್ತಿದ್ದೆ, ಚೆನ್ನಾಗಿ ಕೂರಲಿ ಎಂದು ತಳಕ್ಕೆ ಒಂದು ಕೈ ಹೆಚ್ಚಿಗೆ ಬಳಿಯುತ್ತಿದ್ದೆ.

ಅದನ್ನು ತೆಗೆಯಬೇಕಾದವನೂ ನಾನೇ. ಸ್ಪಿರಿಟ್ಟು, ಹತ್ತಿ, ಕಡ್ಡಿ. ಮಾಡಿದ್ದುಣ್ಣೋ ಮಹರಾಯ.

ಮಾರ್ಚ್ 13, ಗುರುವಾರ

ಬೆರಳಗಲ.

ಮಾರ್ಚ್ 14, ಶುಕ್ರವಾರ

ಇನ್ನೊಂದು ಬೆರಳಗಲ. ತಲೆನೋವು.

ಮಾರ್ಚ್ 18, ಮಂಗಳವಾರ

ಅಜ್ಜಿ ಬಂದು ನನ್ನ ಪಕ್ಕ ಸ್ಟೂಲಿನ ಮೇಲೆ ಕೂತಳು. ಇನ್ನು ಪ್ರತಿ ಮಂಗಳವಾರ ಬರುತ್ತಾಳಂತೆ, ನಾನು ಕೆಲಸ ಕದಿಯದ ಹಾಗೆ ಕಾಯಲು. ಕಾವಲುಗಾರ ಈಗ ಮುಂಬಾಗಿಲಲ್ಲೇ ಬಿಡುತ್ತಾನೆ. ಮೊನ್ನೆ ಅವನಿಗೆ ಎರಡು ಮಾತು ಹೇಳಿದ್ದೆ.

ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ. ಆದರೆ ಬೆರಳಿನಲ್ಲಿ ಸವರಿ ಎಲ್ಲಿ ವಾರ್ನಿಷ್ ಉಳಿದಿದೆ ಎಂದು ನನಗಿಂತ ಮೊದಲು ಹೇಳುತ್ತಾಳೆ. "ಇಲ್ಲಿ ನೋಡು, ಇಲ್ಲಿ ಬಿಟ್ಟಿದೀಯ. ನಮ್ಮ ಸೊಸೆ ಪಾತ್ರೆ ತೊಳೆದ ಹಾಗೆ." ಅವಳ ಸೊಸೆ ಬೆಳಿಗ್ಗೆ ಐದಕ್ಕೆ ಎದ್ದು ಮೂರು ಮನೆಯ ಕೆಲಸ ಮುಗಿಸಿ ಬಂದು ಹೆಣೆಯಲು ಕೂರುತ್ತಾಳೆಂದು ಮೊಮ್ಮಗಳಿಂದ ತಿಳಿದಿತ್ತು. ಅದನ್ನೇ ಹೇಳಿದೆ. ಅಜ್ಜಿ ಸವರುವುದನ್ನು ನಿಲ್ಲಿಸದೆ, "ನನಗೆ ಗೊತ್ತಿಲ್ವಾ? ಹೊಗಳಿದರೆ ಕೈ ನಿಧಾನ ಆಗುತ್ತೆ ಅಂತ ಬೈತೀನಿ" ಎಂದಳು. ಇವಳು ನನ್ನ ಬಗ್ಗೆ ಒಂದೂ ಒಳ್ಳೆಯ ಮಾತು ಆಡದಿರುವುದೂ ಅದಕ್ಕೇ ಇರಬೇಕು.

ಮಾರ್ಚ್ 25, ಮಂಗಳವಾರ

ಇವತ್ತು ಅಂಚಿನ ಒಂದು ಎಳೆ ತಾನಾಗಿ ಬಾಗಿತು. ಇಬ್ಬರೂ ಮಕ್ಕಳ ಹಾಗೆ ಕೂಗಿದೆವು. ಮೇಲಿನಿಂದ ಯಾರೋ ಓಡಿ ಬಂದು ಏನಾಯಿತೆಂದು ಕೇಳಿದರು.

ಮನೆಗೆ ಹೋದರೆ ತಂಗಿ ಮೂಗು ಹಿಡಿದುಕೊಂಡು, "ಅಣ್ಣಾ, ಕುಡಿದು ಬಂದಿದೀಯಾ?" ಎಂದಳು. ಅಂಗಿಯೆಲ್ಲ ಸ್ಪಿರಿಟ್ ವಾಸನೆ. ಪಕ್ಕದ ಮನೆಯವರು ಆಗಲೇ ನಿರ್ಧರಿಸಿಬಿಟ್ಟಿದ್ದಾರಂತೆ.

ಏಪ್ರಿಲ್ 3, ಗುರುವಾರ

ಬುಟ್ಟಿ ಎರಡು ದಿನ ನೀರಲ್ಲಿತ್ತು. ದೊಡ್ಡ ಬೋಗುಣಿ ತಂಗಿಯದು. ಬೆಳಿಗ್ಗೆ ಮುಟ್ಟಿದರೆ ಬೆತ್ತ ಮೆತ್ತಗೆ, ಸ್ನಾನವಾದ ಮಗುವಿನ ಕೈಯಂತೆ.

ಸಂಘದ ಹನ್ನೆರಡೂ ಹೆಂಗಸರು ಬಂದಿದ್ದರು. ಅಜ್ಜಿ ಅವರಿಗೂ ನನಗೂ ಹೊರಗೆ ಹೋಗಿ ಎಂದಳು. ಶುರು ಮಾಡುವುದನ್ನು ಯಾರೂ ನೋಡಬಾರದು, ಹಾಗೆಯೇ ನಡೆದುಬಂದಿದೆ. ವಸ್ತುವಿನ ಜೊತೆ ಹೊರಗಿನವರನ್ನು ಒಂಟಿಯಾಗಿ ಬಿಡಬಾರದು ಎನ್ನುವುದು ನಮ್ಮ ನಿಯಮ. ಅವಳ ನಿಯಮ ನನ್ನದಕ್ಕಿಂತ ಹಳೆಯದು. ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ನೆಲಮಾಳಿಗೆಯ ಮೆಟ್ಟಿಲ ಮೇಲೆ ಎಲ್ಲರೂ ಸಾಲಾಗಿ ಕೂತೆವು, ಹೆರಿಗೆ ಕೋಣೆಯ ಹೊರಗೆ ಕೂತವರ ಹಾಗೆ. ಸೊಸೆ ಕಣ್ಣು ಮುಚ್ಚಿಕೊಂಡಿದ್ದಳು. ಮೊಮ್ಮಗಳು ಉಗುರು ಕಚ್ಚುತ್ತಿದ್ದಳು.

ಒಂದು ಗಂಟೆ ಕಳೆದಿರಬೇಕು. ಬಾಗಿಲು ತೆರೆಯಿತು. ಅಜ್ಜಿಯ ಎರಡೂ ಕೈ ಒದ್ದೆ.

"ಎಲ್ಲರೂ ಒಳಗೆ ಬನ್ನಿ" ಎಂದಳು.

ಯಾರೂ ಏಳಲಿಲ್ಲ. ತಪ್ಪು ಕೇಳಿಸಿತೆಂದುಕೊಂಡರು.

"ಬನ್ರೇ ಅಂದೆ. ಹಿರಿಯಮ್ಮನೂ ಹೀಗೇ ಬಾಗಿಲು ಹಾಕ್ಕೊಂಡು ಕೂತಿದ್ಲು. ತಾನು ಹೋಗುವಾಗ ಅದನ್ನೂ ತಗೊಂಡು ಹೋದ್ಲು. ನಾನೂ ಹಾಗೇ ಹೋದ್ರೆ ನೀವು ಇನ್ಯಾವ ಮ್ಯೂಸಿಯಂ ಹುಡುಕ್ತೀರಿ?"

ಮೇಜಿನ ಮೇಲೆ ಬುಟ್ಟಿ ಇರಲಿಲ್ಲ. ಎಳೆಗಳನ್ನು ಉದ್ದಕ್ಕೆ ಸಾಲಾಗಿ ಜೋಡಿಸಿಟ್ಟಿದ್ದಳು. ನಡುವೆ ಅಂಗೈಯಗಲದ ತಳ ಮಾತ್ರ ಉಳಿದಿತ್ತು, ಕೊನೆಯ ಎರಡು ಸುತ್ತು. ಅಲ್ಲಿ ವಾರ್ನಿಷ್ ಒಳಗಿಳಿದು ಗಟ್ಟಿಯಾಗಿದೆ, ತನ್ನ ಕಣ್ಣಿಗೆ ಎಳೆಯ ತುದಿ ಕಾಣುತ್ತಿಲ್ಲ ಎಂದಳು. ಮೊಮ್ಮಗಳು ಚಿಮುಟ ಹಿಡಿದಳು. ತುದಿ ಸಿಗದೆ ಕೆಳಗಿಟ್ಟಳು. ಆಗ ಅಜ್ಜಿ ನನ್ನ ಕಡೆ ನೋಡಿದಳು.

"ಬಳಿದವನೇ ಬಿಚ್ಚಲಿ."

ಕೂತೆ. ಭೂತಗಾಜಿನ ದೀಪ ಎಳೆದುಕೊಂಡೆ. ಹನ್ನೆರಡು ಜನರ ಉಸಿರು ನನ್ನ ಕತ್ತಿನ ಮೇಲೆ. ಎಳೆಯ ತುದಿ ಸಿಕ್ಕಿತು. ಒಂದು ಸುತ್ತು. ಅರ್ಧ ಸುತ್ತು. ಕೊನೆಯ ತಿರುವಿನಲ್ಲಿ ಬೆತ್ತ ಮುರಿಯಿತು. ಆದರೆ ಅಷ್ಟು ಹೊತ್ತಿಗೆ ಒಳಗಿನದು ಕಂಡಿತ್ತು.

ಮೂರು ಕಡ್ಡಿಗಳ ನಡುವನ್ನು ಸೀಳಿ, ಆ ಸೀಳಿನೊಳಗೆ ಉಳಿದ ಮೂರನ್ನು ತೂರಿಸಿದ್ದರು. ಕಟ್ಟಿಲ್ಲ, ಗಂಟಿಲ್ಲ, ದಾರವಿಲ್ಲ. ಭಾರ ಬಿದ್ದಷ್ಟೂ ಸೀಳು ಕಚ್ಚಿ ಹಿಡಿಯುತ್ತದೆ. ಎಕ್ಸ್‌ರೇಯಲ್ಲಿ ಒಂದರ ಮೇಲೊಂದು ಕಂಡದ್ದು ಒಂದರೊಳಗೊಂದು ಇತ್ತು.

"ಅಯ್ಯೋ, ಕಟ್ಟಿದ್ದಲ್ಲ! ಹದಿನೇಳು ಸಲ ಕಟ್ಟಿ ಸತ್ತೆವಲ್ಲಾ!" ಎಂದು ಮೊಮ್ಮಗಳು ನಗುತ್ತಾ ಅತ್ತಳು. ಅಜ್ಜಿ ಮಾತ್ರ ಬೆರಳ ತುದಿಯಲ್ಲಿ ಆ ಸೀಳನ್ನು ಸವರುತ್ತಲೇ ಇದ್ದಳು.

ಎಲ್ಲರೂ ಗದ್ದಲ ಮಾಡುತ್ತಿದ್ದಾಗ ಸೊಸೆ ಬಗ್ಗಿ, ಬಹಳ ಮೆಲ್ಲಗೆ ಕೇಳಿದಳು, "ಅತ್ತೆ, ಚಾಕು ತುದಿಯಿಂದ ಹಾಕೋದಾ, ನಡುವಿಗೇ ಚುಚ್ಚೋದಾ?"

"ತುದಿಯಿಂದ ಹಾಕಿದ್ರೆ ಕಡ್ಡಿ ಎರಡಾಗುತ್ತೆ ಕಣೇ! ನಡುವಿಗೆ. ಕಣ್ಣಿಟ್ಟು ನೋಡು."

ನೋಡಿದಳು. ಎಲ್ಲರೂ ಹೋದ ಮೇಲೂ ಮೆಟ್ಟಿಲಿನಿಂದ ವಾಪಸು ಬಂದು ಇನ್ನೊಮ್ಮೆ ನೋಡಿ ಹೋದಳು.

ಏಪ್ರಿಲ್ 4, ಶುಕ್ರವಾರ

417ರ ಡಬ್ಬಿಯೊಳಗೆ ಎಳೆಗಳನ್ನು ಇಟ್ಟೆ. ಆರು ಕಡ್ಡಿಗಳನ್ನು ಅಜ್ಜಿ ಕೇಳಿದಳು. ಎರವಲು ಎಂದು ಬರೆದು ಕೊಟ್ಟಿದ್ದೇನೆ. ವಾಪಸಿನ ತಾರೀಕಿನ ಜಾಗ ಖಾಲಿ ಬಿಟ್ಟೆ. ಚೀಟಿಯಲ್ಲಿ 'ಕೊಡುಗೆ' ಎನ್ನುವುದನ್ನು ಹೊಡೆದು, ಮಾಡಿದವಳು ಹಿರಿಯಮ್ಮ ಎಂದೂ, ಹೇಗೆ ಬಂತೆಂದೂ ಬರೆದೆ.

ಅತ್ತಿದ್ದೆನೋ ಏನೋ, ಕಣ್ಣು ಉರಿಯುತ್ತಿದೆ. ಸ್ಪಿರಿಟ್ಟು.

ಏಪ್ರಿಲ್ 30, ಬುಧವಾರ

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಕಾಯಿಲೆಯಿಲ್ಲದೆ ರಜೆ ಹಾಕಿದೆ. ತಂಗಿಯೂ ಅಂಗಡಿ ಮುಚ್ಚಿ ಬಂದಳು. ತನ್ನ ಬೋಗುಣಿಗೂ ಇದರಲ್ಲಿ ಪಾಲಿದೆಯಂತೆ.

ಅರಣ್ಯ ಕಚೇರಿಯ ಅಧಿಕಾರಿ ಹನ್ನೊಂದಕ್ಕೆ ಬಂದ. ಕೆಟ್ಟವನಲ್ಲ, ಅವಸರದವನು. ಅಂಗಳದ ನಡುವೆ ಹೊಸ ಬುಟ್ಟಿ ಇಟ್ಟಿದ್ದರು. ತಳ ಅಜ್ಜಿಯದು, ಮೈ ಎಲ್ಲರದು. ಅವನು ತಕ್ಕಡಿಯಲ್ಲಿ ತೂಗಿ ನಲವತ್ತು ಕಿಲೋ ಕಲ್ಲು ಹಾಕಿಸಿ ಎತ್ತಿಸಿದ. ತಳ ಮಿಸುಕಲಿಲ್ಲ. ಹೆಂಗಸರು ಚಪ್ಪಾಳೆ ಹೊಡೆದರು. ಮುಗಿಯಿತೆಂದು ನಾನೂ ಹೊಡೆದೆ.

ಅವನು ಫಾರಂ ತೆಗೆದ. "ಬುಟ್ಟಿ ಸರಿ ಇದೆ. ಇದರ ತಳ ಮಾಡಿದ್ದು ಯಾರು?"

"ನಾನು" ಎಂದಳು ಅಜ್ಜಿ.

"ಅಜ್ಜಿ, ನಿಮಗೆ ವಯಸ್ಸಾಯ್ತು. ನಿಮ್ಮೊಬ್ಬರಿಗೇ ಗೊತ್ತಿದ್ರೆ ಅದನ್ನ ಊರಿನ ರೂಢಿ ಅಂತ ನಾನು ಬರೆಯೋ ಹಾಗಿಲ್ಲ. ಬೇರೆ ಯಾರಾದ್ರೂ ಮಾಡಿ ತೋರಿಸಲಿ. ಈಗಲೇ. ನೀವು ಹೇಳಿಕೊಡಬಾರದು." ಸುತ್ತ ನೋಡಿದ. ಮೊಮ್ಮಗಳು ಕೈ ಎತ್ತಿದಳು. ಅವನು ಅವಳನ್ನು ಬಿಟ್ಟು, ಎಲ್ಲರ ಹಿಂದೆ ಗೋಡೆಗೆ ಅಂಟಿಕೊಂಡು ನಿಂತಿದ್ದವಳ ಕಡೆ ಪೆನ್ನು ತೋರಿಸಿದ. "ಅವರು ಮಾಡಲಿ."

ಸೊಸೆ.

ಅಜ್ಜಿಯ ಮುಖ ಬಿಳಿಚಿತು. "ಅವಳು ಬೇಡ ಸಾರ್, ಅವಳಿಗೆ..." ಎಂದು ಶುರು ಮಾಡಿ, ಅಧಿಕಾರಿ ನೋಡಿದ್ದಕ್ಕೆ ಬಾಯಿ ಮುಚ್ಚಿದಳು. ಸೊಸೆ ಬಂದು ನೆಲದ ಮೇಲೆ ಕೂತಳು. ಆರು ಕಡ್ಡಿ ಆರಿಸಿದಳು. ಚಾಕು ತೆಗೆದುಕೊಂಡಳು. ಮೊದಲ ಕಡ್ಡಿಯ ನಡುವಿಗೆ ಚುಚ್ಚಿದಳು, ಕಡ್ಡಿ ಉದ್ದಕ್ಕೂ ಸೀಳಿ ಎರಡಾಯಿತು.

ಅಧಿಕಾರಿ ಗಡಿಯಾರ ನೋಡಿದ. ಅಜ್ಜಿ ಮುಖ ತಿರುಗಿಸಿ ಬೇಲಿಯ ಕಡೆ ನೋಡುತ್ತಾ ನಿಂತಳು. ನನ್ನ ತಂಗಿ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಈಗಲೂ ಉಗುರಿನ ಗುರುತಿದೆ.

ಸೊಸೆ ಮುರಿದದ್ದನ್ನು ಪಕ್ಕಕ್ಕಿಟ್ಟಳು. ಇನ್ನೊಂದು ಕಡ್ಡಿ ತೆಗೆದು ನೀರಲ್ಲಿ ಅದ್ದಿ ತೊಡೆಯ ಮೇಲಿಟ್ಟು ಕಾಯ್ದಳು. ಯಾರ ಮುಖವನ್ನೂ ನೋಡಲಿಲ್ಲ. ಮತ್ತೆ ಚುಚ್ಚಿದಳು. ನಿಂತಿತು. ಎರಡನೆಯದು. ಮೂರನೆಯದು. ಸೀಳುಗಳನ್ನು ಒಂದರ ಪಕ್ಕ ಒಂದು ಹಿಡಿದು ಉಳಿದ ಮೂರನ್ನು ತೂರಿಸಿದಳು, ಎಳೆ ಹಾಕಿ ಸುತ್ತಿದಳು, ಕಡ್ಡಿಗಳನ್ನು ಬೀಸಣಿಗೆಯಂತೆ ಬಿಡಿಸಿ ಮತ್ತೆ ಸುತ್ತಿದಳು. ಅರ್ಧ ಗಂಟೆಯಲ್ಲಿ ಅಂಗೈಯಗಲ ತಳ. ಅಧಿಕಾರಿ ಅದನ್ನು ನೆಲದ ಮೇಲಿಟ್ಟು ನಡುವೆ ಹಿಮ್ಮಡಿ ಊರಿ, ಎರಡೂ ಕೈಯಲ್ಲಿ ಕಡ್ಡಿಗಳನ್ನು ಜಗ್ಗಿದ. ಮುಖ ಕೆಂಪಾಗುವವರೆಗೂ ಜಗ್ಗಿದ.

"ಇನ್ನೂ ಯಾರಿಗೆ ಬರುತ್ತೆ?"

ಹನ್ನೆರಡೂ ಕೈ ಮೇಲಕ್ಕೆ ಹೋದವು. ಅವನು ನಕ್ಕುಬಿಟ್ಟ. ಫಾರಂನಲ್ಲಿ ನುರಿತವರ ಹೆಸರಿಗೆ ಒಂದೇ ಗೆರೆ ಇತ್ತು, ಹಿಂದಿನ ಪುಟದಲ್ಲಿ ಎಲ್ಲರನ್ನೂ ಬರೆದುಕೊಂಡ. ಐದು ವರ್ಷಕ್ಕೆ 'ಮುಂದುವರಿಸಬಹುದು' ಎಂದು ಸಹಿ ಹಾಕಿದ.

"ಐದೇ ವರ್ಷ" ಎಂದಳು ಮೊಮ್ಮಗಳು, ಅವನ ಜೀಪು ಹೋದ ಮೇಲೆ. "ನಮ್ಮ ಕಾಡು ನಮಗೇ ಐದು ವರ್ಷ ಬಾಡಿಗೆಗೆ." ಮುಂದಿನ ಅರ್ಜಿಗೆ ನಾಳೆಯಿಂದಲೇ ಕೂರಬೇಕಂತೆ. ಸರ್ಕಾರಿ ಭಾಷೆಯಲ್ಲಿ ಬರೆಯಲು ನಾನಿದ್ದೇನಲ್ಲ ಎಂದೆ. ಇಪ್ಪತ್ತಾರು ವರ್ಷ ಅದೇ ತಾನೇ ಬರೆದದ್ದು.

ಸೊಸೆ ಇನ್ನೂ ನೆಲದ ಮೇಲೇ ಕೂತಿದ್ದಳು, ತೊಡೆಯ ಮೇಲೆ ಆ ತಳ. ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲವೋ ಏನೋ. ಶುರು ಮಾಡಿದವಳು ಇನ್ನೊಬ್ಬರ ಕೈಗೆ ಕೊಡಬೇಕು, ಹಾಗೇ ಅಲ್ಲವೇ ರೂಢಿ? ಎದ್ದಳು. ನಡೆದು ಹೋಗಿ ಎರಡೂ ಕೈಯಲ್ಲಿ ಅದನ್ನು ಅತ್ತೆಯ ಮುಂದೆ ಹಿಡಿದಳು.

ಅಜ್ಜಿ ಬೇಲಿ ಕಡೆಯಿಂದ ತಿರುಗಿದಳು. ತಳ ನೋಡಿದಳು, ಸೊಸೆಯ ಮುಖ ನೋಡಿದಳು. ಏನಾದರೊಂದು ಕುಹಕ ಬರುತ್ತದೆಂದು ನಾವೆಲ್ಲ ಕಾದೆವು. ಬರಲಿಲ್ಲ. ಕೈ ಚಾಚಿ ಈಸಿಕೊಂಡಳು.

"ಹನ್ನೆರಡು ವರ್ಷದವಳಿದ್ದಾಗ ಕೊನೇ ಸಲ ಒಬ್ಬರು ನನ್ನ ಕೈಗೆ ತಳ ಕೊಟ್ಟಿದ್ದು" ಎಂದಳು.

ಅಲ್ಲೇ ಅಂಗಳದಲ್ಲಿ ಕಾಲು ನೀಡಿ ಕೂತಳು. ತಳವನ್ನು ಮಡಿಲಲ್ಲಿಟ್ಟುಕೊಂಡು, "ಎಳೆ ಕೊಡೇ" ಎಂದಳು ಸೊಸೆಗೆ, ಮತ್ತು ಚಿಕ್ಕ ಹುಡುಗಿಯ ಹಾಗೆ ತಲೆ ತಗ್ಗಿಸಿ ಹೆಣೆಯತೊಡಗಿದಳು.